ಗಾಜಿನ ಬುಡದ ಕಿಂಡಿಗಳು

ನಾನು ಒಂದು ಕಾರಿನ ಬಾನೆಟ್. ಕಾರ್ಖಾನೆಯಲ್ಲಿ ತಗಡನ್ನು ಅಚ್ಚಿಗೆ ಒತ್ತಿ ನನ್ನನ್ನು ಮಾಡಿದಾಗ ಮೈಮೇಲೆ ಒಂದು ತೂತೂ ಇರಲಿಲ್ಲ. ಮೊದಲ ಯಜಮಾನರು ಹೆಡ್ಮಾಸ್ತರು. ಹನ್ನೊಂದು ವರ್ಷ ನನ್ನನ್ನು ಒರೆಸಿದ್ದೇ ಒರೆಸಿದ್ದು. ಆಮೇಲೆ ಹೊಸಪೇಟೆಯ ಟ್ಯಾಕ್ಸಿ ಹುಲಿಗೆಪ್ಪನ ಕೈಗೆ ಬಿದ್ದೆ. ತಲೆನೋವು ಶುರುವಾದದ್ದು ಅಲ್ಲಿಂದ.

ಬಿಸಿಲಿಗೆ ಇಂಜಿನ್ ಕುದಿಯತೊಡಗಿತು. ಬಿಸಿಗಾಳಿ ಹೊರಹೋಗಲು ಕಿಂಡಿ ಕೊರೆಸೋಣವೆಂದು ಹುಲಿಗೆಪ್ಪ ಟಿಂಕರ್ ದಸ್ತಗಿರಿಯ ಬಳಿ ಹೋದ. ದಸ್ತಗಿರಿ ನನ್ನ ಮುಂಭಾಗ ತಟ್ಟಿ ತೋರಿಸಿದ.

“ರೇಡಿಯೇಟರ್ ಹಿಂದ ಇಲ್ಲೇ ಕೊರದ್ರ, ಮ್ಯಾಲೆ ಹೋಗೋ ಗಾಳಿ ಬಿಸಿನ ಎಳಕೊಂಡು ಹೋಗ್ತೈತಣ್ಣ. ಗಾಜಿನ ಹತ್ರ ಬ್ಯಾಡ.”

“ನೀ ತಟ್ಟಿದಲ್ಲೇ ನಾ ದಿನಾ ಕುಂಕುಮ ಹಚ್ಚೋದು. ದೇವರ ಜಾಗಕ್ಕ ತೂತು ಕೊರಿತೀಯೇನು?”

ಹುಲಿಗೆಪ್ಪ ಹೇಳಿದಂತೆ ಮುಂದಿನ ಗಾಜಿನ ಬುಡದಲ್ಲೇ ಆರು ಕಿಂಡಿ ಬಿದ್ದವು. ಕಾರು ನಿಂತಾಗ ಬಿಸಿಗಾಳಿ ಮೇಲೇಳುತ್ತಿತ್ತು, ಸರಿ. ಓಡತೊಡಗಿದರೆ ಗಾಜಿಗೆ ಬಡಿದ ಗಾಳಿ ಕಿಂಡಿಗಳಿಂದ ಒಳನುಗ್ಗಿ, ಇಂಜಿನ್ ತಣಿಸಲು ರೇಡಿಯೇಟರ್ ದಾಟಿ ಬರಬೇಕಾದ ಗಾಳಿಯನ್ನೇ ತಡೆಯುತ್ತಿತ್ತು. ಹುಲಿಗೆಪ್ಪ ರೇಡಿಯೇಟರ್ ಬದಲಿಸಿದ, ಫ್ಯಾನ್ ಬದಲಿಸಿದ, ದೃಷ್ಟಿಗೆ ನಿಂಬೆಹಣ್ಣು ಕಟ್ಟಿದ. ಐಟಿಐಯಲ್ಲಿ ಮೆಕ್ಯಾನಿಕ್ ಕಲಿಯುತ್ತಿದ್ದ ಮಗಳು ಹೊನ್ನೂರಮ್ಮ ಹೇಳಿ ಹೇಳಿ ಸೋತಳು. ತಪ್ಪು ಕಿಂಡಿಗಳದ್ದೆಂದು ಅವನು ಒಪ್ಪಲೇ ಇಲ್ಲ. ನನಗಂತೂ ಸಾಕುಸಾಕಾಗಿತ್ತು.

ಆಕೆಯ ಕೊನೆಯ ಪರೀಕ್ಷೆ ಬಳ್ಳಾರಿಯಲ್ಲಿ. ಹತ್ತು ಗಂಟೆಗೆ ಗೇಟು ಹಾಕುತ್ತಾರೆ. ಬಸ್ಸಿಗೆ ಹೋಗುತ್ತೇನೆಂದರೆ ಅಪ್ಪ ಕೇಳಬೇಕಲ್ಲ, ಸ್ವಂತ ಕಾರಿರುವಾಗ ಬಸ್ಸೇಕೆಂದು ಹಟ ಹಿಡಿದ. ಅರ್ಧ ದಾರಿಗೆ ಇಂಜಿನ್ ಕುದಿಯಿತು. ನಿಲ್ಲಿಸಿ ಆರಿಸಿದ, ಹೊತ್ತಾಯಿತೆಂದು ಜೋರಾಗಿ ಓಡಿಸಿದ, ಜೋರಾದಷ್ಟೂ ಮತ್ತೆ ಕುದಿಯಿತು. ಮೂರನೇ ಸಲ ನಿಂತಾಗ ಹೊನ್ನೂರಮ್ಮ ದುಪಟ್ಟಾದ ಅಂಚಿನಿಂದ ದಾರ ಕಿತ್ತು ಕಿಂಡಿಗಳ ಮುಂದೆ ಅಂಟಿಸಿದಳು.

“ಈಗ ಓಡ್ಸಪ್ಪ. ದಾರ ಎತ್ತ ಹೋಗ್ತೈತಿ, ನೀನ ನೋಡು.”

ದಾರಗಳೆಲ್ಲ ಕಿಂಡಿಯೊಳಗೆ ನುಗ್ಗಿದವು. ಹುಲಿಗೆಪ್ಪ ಕಾರು ನಿಲ್ಲಿಸಿ, ಹೆಗಲ ಟವೆಲನ್ನು ಹರಿದು ಆರೂ ಕಿಂಡಿಗಳಿಗೆ ತುರುಕಿದ. ಹೊಸ ರೇಡಿಯೇಟರ್‌ಗೆ ಗಾಳಿ ಸಿಕ್ಕಿತು, ಆಮೇಲೆ ಇಂಜಿನ್ ಕುದಿಯಲಿಲ್ಲ. ಬಳ್ಳಾರಿ ಮುಟ್ಟಿದಾಗ ಹತ್ತೂ ಕಾಲು, ಗೇಟು ಹಾಕಿತ್ತು.

ವಾಪಸ್ ಬಂದವನೇ ಹುಲಿಗೆಪ್ಪ ದಸ್ತಗಿರಿಯ ಮುಂದೆ ಕಾರು ನಿಲ್ಲಿಸಿದ. ಕುಂಕುಮವನ್ನು ತಾನೇ ಒರೆಸಿ, “ಇಲ್ಲೇ ಕೊರಿ” ಅಂದ.

ಈಗ ಗುಜರಿ ಅಂಗಡಿಯ ಗೋಡೆಗೆ ಒರಗಿದ್ದೇನೆ. ಇಷ್ಟೊಂದು ತೂತು ಯಾಕೆಂದು ಬಂದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮರುವರ್ಷ ಅದೇ ಪರೀಕ್ಷೆಗೆ ಹೊನ್ನೂರಮ್ಮನೇ ಕಾರು ಓಡಿಸಿದಳು. ಪಕ್ಕದಲ್ಲಿ ಹುಲಿಗೆಪ್ಪ ಬಳ್ಳಾರಿಯವರೆಗೂ ಬಾಯಿ ಬಿಡದೆ ಕೂತಿದ್ದ. ಆ ಬಾಯನ್ನು ಒಂದು ವರ್ಷ ಮೊದಲೇ ಮುಚ್ಚಿ ಮಗಳ ಮಾತು ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?