ಹಗ್ಗವಿಲ್ಲದ ಬಾವಿ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಿಗ್ಗೆ ಏಳರ ಹೊತ್ತಿಗೆ, ಪುಸ್ತಕದ ಅಂಚು ಕತ್ತರಿಸುವಾಗ ಚಾಕು ಜಾರಿ ತಮ್ಮನ ಬಲಗೈಗೆ ಬಿತ್ತು. ಹೊಲಿಗೆ ಹಾಕಿಸಿದೆವು. ಗಾಯ ಮಾಯುತ್ತ ಬಂದರೂ ಉಂಗುರದ ಬೆರಳು ಮಡಚಲಿಲ್ಲ. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ನಾನು ಅಂಟು ಹಚ್ಚುವವನು, ಹೊಲಿಯುವವನು ಅವನು. ಆ ಬೆರಳು ಮಡಚದೆ ದಾರ ಬಿಗಿಯಾಗದು.

"ಮಣಿಕಟ್ಟಿನಲ್ಲಿ ಒಂದು ನರ ಇರುತ್ತೆ, ಅದಕ್ಕೆ ಅಂಥಾ ಕೆಲಸ ಏನಿಲ್ಲ. ಅದನ್ನ ತೆಗೆದು ಬೆರಳಿಗೆ ಜೋಡಿಸ್ತೀವಿ" ಎಂದರು ಆಸ್ಪತ್ರೆಯ ಕಿರಿಯ ಡಾಕ್ಟರು. ಬಲಗೈಗೆ ದಪ್ಪ ಪಟ್ಟಿ ಇದ್ದದ್ದರಿಂದ ಎಡಗೈ ಹಿಡಿದು ಏನೋ ನೋಡಿದರು. ಅವರ ಬೆನ್ನು ನನಗೆ ಅಡ್ಡ. "ಇದರಲ್ಲಿದೆ. ಅದರಲ್ಲೂ ಇರುತ್ತೆ."

ಆಪರೇಷನ್ ಮುಗಿಸಿ ಬಂದವನಿಗೆ ಮಣಿಕಟ್ಟಿನಲ್ಲಿ ಒಂದು ಗಾಯ, ಕಾಲಿನಲ್ಲಿ ಇನ್ನೊಂದು.

"ಕೈಯಲ್ಲಿ ಆ ನರ ಇರಲಿಲ್ಲ. ಕಾಲಿಂದ ತೆಗೆದ್ವಿ" ಎಂದು ಹೇಳಿ ಡಾಕ್ಟರು ಹೋದರು.

ಪಕ್ಕದ ಹಾಸಿಗೆಯಲ್ಲಿ ಲಾರಿ ಚಾಲಕನೊಬ್ಬನಿದ್ದ. ಅದೇ ದಿನ ಅವನ ಕೈಗೂ ಆಪರೇಷನ್ ಆಗಿತ್ತು. ತಮ್ಮ ಅವನನ್ನೇ ದಿಟ್ಟಿಸಿದ.

"ಅಣ್ಣಾ, ನಂದು ಅವನಿಗೆ ಹೋಗಿದೆ."

"ಸುಮ್ನಿರೋ."

"ಇದೆ ಅಂದೋರೂ ಅವರೇ, ಇಲ್ಲ ಅಂದೋರೂ ಅವರೇ. ನಡುವೆ ನಂಗೆ ಎಚ್ಚರ ಇರಲಿಲ್ಲ ನೋಡು!"

ಚಾಲಕನಿಗೆ ಕೇಳಿಸಿತು. "ಯಜಮಾನ್ರೇ, ನಿಮ್ಮದು ನಂಗೆ ಬಂದಿದ್ರೆ ಈ ಕೈ ಇಷ್ಟೊತ್ತಿಗೆ ಪುಸ್ತಕ ಹೊಲೀಬೇಕಿತ್ತು!"

ತಮ್ಮ ನಗಲಿಲ್ಲ. ನಿಜ ಹೇಳಬೇಕೆಂದರೆ, ಚಾಲಕನ ಪಟ್ಟಿ ಬಿಚ್ಚುವಾಗ ನಾನೂ ಕತ್ತು ಚಾಚಿ ಇಣುಕಿದ್ದೆ.

ಬೆರಳಿಗೆ ವ್ಯಾಯಾಮ ಮಾಡಿಸುವಾಕೆ ಬಂದರೆ ತಮ್ಮ ಕೈ ಎಳೆದುಕೊಂಡ. "ಈಗ ಮಡಚದಿದ್ರೆ ಜೋಡಿಸಿದ್ದು ಅಲ್ಲೇ ಅಂಟಿಕೊಳ್ಳುತ್ತೆ. ಆಮೇಲೆ ಬೆರಳು ಕಡ್ಡಿ ಥರಾನೇ" ಎಂದಳು. ಅವನು ಮನೆಗೆ ಹೊರಡಲು ಎಡಗೈಯಲ್ಲೇ ಚೀಲ ತುಂಬತೊಡಗಿದ.

"ಆ ನರ ಇದೆಯೋ ಇಲ್ವೋ ಅಂತ ನಂಗೂ ಡಾಕ್ಟರು ಹೀಗೇ ಮಾಡಿಸಿ ನೋಡಿದ್ರು" ಎನ್ನುತ್ತ ಚಾಲಕ ಗಾಯವಿಲ್ಲದ ಕೈ ಎತ್ತಿದ. ಕಿರುಬೆರಳನ್ನು ಹೆಬ್ಬೆರಳಿಗೆ ಮುಟ್ಟಿಸಿ ಮಣಿಕಟ್ಟು ಮಡಚಿದ. ಚರ್ಮದಡಿ ಒಂದು ಗೆರೆ ಸೆಟೆದು ನಿಂತಿತು.

ಅದು ನಮ್ಮ ಚಿಕ್ಕಂದಿನ ಆಟ. ಅದನ್ನು ನಾವು ಹಗ್ಗ ಎನ್ನುತ್ತಿದ್ದೆವು. ನನಗೆ ಎರಡೂ ಕೈಯಲ್ಲಿ ಏಳುತ್ತಿತ್ತು, ತಮ್ಮನಿಗೆ ಎಡಗೈಯಲ್ಲಿ ಮಾತ್ರ.

"ಹಗ್ಗ ಇಲ್ಲದ ಬಾವಿ" ಎಂದೆ, ಅವನ ಬಲಗೈ ತೋರಿಸಿ.

ಚೀಲ ತುಂಬುತ್ತಿದ್ದವನು ನಿಂತ. ಚಿಕ್ಕಂದಿನಲ್ಲಿ ಆ ಕೈಗೆ ನಾನಿಟ್ಟಿದ್ದ ಈ ಹೆಸರು ಹೇಳಿದರೆ ಅಳುತ್ತ ಅಮ್ಮನ ಹತ್ತಿರ ಓಡುತ್ತಿದ್ದವನು ಅವನು. ನನ್ನತ್ತ ತಿರುಗಿ ಕೇಳಿದ:

"ಅವರು ಕುಯ್ಯೋ ಮುಂಚೆ ನೀನೂ ಇಲ್ಲೇ ಇದ್ದೆಯಲ್ಲ. ಯಾಕೆ ಬಾಯಿ ಬಿಡಲಿಲ್ಲ?"

"ನರ ಅಂದ್ರು ಕಣೋ. ಹಗ್ಗ ಅಂದಿದ್ರೆ ಹೇಳ್ತಿದ್ದೆ."

ಅವನು ನನ್ನನ್ನು ನೋಡಿದ, ಚಾಲಕನನ್ನು ನೋಡುತ್ತಿದ್ದ ಹಾಗೆಯೇ. ಆದರೂ ಚೀಲ ಬಿಚ್ಚಿದ. ವ್ಯಾಯಾಮದಾಕೆಗೆ ಕೈ ಕೊಟ್ಟ. ಹತ್ತನೆಯ ದಿನ ಬೆರಳು ತುಸು ಬಾಗಿತು.

ಚಾಲಕ ಬುಧವಾರ ಹೊರಟ. ಬಾಗಿಲು ದಾಟುವವರೆಗೂ ತಮ್ಮನ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು. ಶನಿವಾರ ತಾನೂ ಹೊರಟ, ಚೀಲ ನನ್ನ ಕೈಗೆ ಕೊಡದೆ.