ಹಸು ಒಲ್ಲದ ಕೈ

ಕೈ ತಾಗಿದೊಡನೆ ಹಸು ಪಕ್ಕಕ್ಕೆ ಸರಿಯಿತು. ಅಕ್ಕ ಮಣೆ ಎಳೆದುಕೊಂಡು ಮತ್ತೆ ಹತ್ತಿರ ಕೂತು ಕೆಚ್ಚಲಿಗೆ ಕೈ ಹಾಕಿದಳು. ಈ ಸಲ ಒದೆಯೇ ಬಿತ್ತು. ಪಾತ್ರೆ ಗೋಡೆಯವರೆಗೆ ಉರುಳಿಹೋಯಿತು.

"ನಾನೇನು ಮಾಡಿದೆನೇ ನಿನಗೆ?" ಎಂದಳು.

ತಾಯಿ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಅಕ್ಕ ಮತ್ತು ಹಸು. ಮದುವೆಯಾಗಿ ಬೇರೆ ಮನೆ ಮಾಡಿದ್ದ ತಮ್ಮ ಬೀದಿಯ ಆ ತುದಿಯಲ್ಲಿದ್ದ. ಬೆಳಗಿನಿಂದ ಸಂಜೆವರೆಗೆ ಅವಳು ಬಾಯಿ ತೆರೆದು ಆಡುತ್ತಿದ್ದ ಮಾತೆಲ್ಲ ಈ ಕೊಟ್ಟಿಗೆಯಲ್ಲೇ. ಈಗ ತಮ್ಮನ ಹೆಂಡತಿ ಬಂದು ಕೂತರೆ ಸುಮ್ಮನೆ ಹಾಲು ಬಿಡುವ ಹಸು, ಸಾಕಿದವಳನ್ನು ಕಂಡರೆ ಬೆನ್ನು ಬಿಗಿಯುತ್ತಿತ್ತು.

"ಹಸೂನ ನಮ್ಮನೆಗೆ ಹೊಡ್ಕೊಂಡು ಹೋಗ್ತೀನಿ ಬಿಡಕ್ಕ," ಎಂದ ತಮ್ಮ. "ದಿನಾ ಇವಳು ಈ ಕಡೆ ಓಡಿ ಬರೋದು ಎಷ್ಟು ದಿನ ಆಗುತ್ತೆ?"

"ಅದಕ್ಕೇನೋ ಕಾಯಿಲೆ ಇರ್ಬೇಕು. ಡಾಕ್ಟರಿಗೆ ತೋರಿಸು, ಆಮೇಲೆ ನೋಡೋಣ."

ಪಶುವೈದ್ಯ ಬಂದು ಹಸುವಿನ ಬಾಲ ಎತ್ತಿ ಜ್ವರದ ಕಡ್ಡಿ ಇಟ್ಟ, ಕೆಚ್ಚಲು ಒತ್ತಿದ. ಏನೂ ಇಲ್ಲ ಎಂದ. ಹಗ್ಗ ವಾಪಸು ಕೊಡುವಾಗ ಅಕ್ಕನ ಬೆರಳು ತಾಗಿ ತಲೆಯೆತ್ತಿ ನೋಡಿದ.

"ಇದೇನಮ್ಮಾ, ಕೈ ಬಾವಿ ನೀರಿನಂಗೆ ತಣ್ಣಗಿದೆ? ಬಿಸಿಲಲ್ಲೂ ಸ್ವೆಟರ್ ಹಾಕ್ಕೊಂಡಿದ್ದೀರಿ. ಮುಖ ಬೇರೆ ಊದಿದೆ. ತಾಳಿ, ನಿಮಗೂ ಜ್ವರ ನೋಡೋಣ."

"ಆ ಕಡ್ಡೀನ ನನ್ನ ಬಾಯಿಗೆ ಇಡೋದು ಬೇಡಪ್ಪ!"

ತಮ್ಮನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ವೈದ್ಯನೂ ನಕ್ಕ. ಚೀಲದಿಂದ ತನ್ನ ಮಗುವಿಗೆಂದು ಕೊಂಡಿದ್ದ ಹೊಸ ಕಡ್ಡಿಯೊಂದನ್ನು ತೆಗೆದು ಅವಳ ಬಾಯಿಗೆ ಇಟ್ಟ. ಮೈಯ ಬಿಸಿ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು.

"ಹಸುಗಲ್ಲ, ನಿಮಗೆ ಬೇಕು ಡಾಕ್ಟರು," ಎಂದ. "ತಣ್ಣನೆ ಕೈ ತಾಗಿದ್ರೆ ಅದು ಬೆಚ್ಚಿ ಹಾಲು ಹಿಡ್ಕೊಳ್ಳುತ್ತೆ, ಅಷ್ಟೇ."

ಆಸ್ಪತ್ರೆಯ ಡಾಕ್ಟರಮ್ಮ ಅವಳ ಕುತ್ತಿಗೆ ಮುಟ್ಟಿ ನೋಡಿದರು. "ಇಲ್ಲಿ ಥೈರಾಯ್ಡ್ ಅಂತ ಗ್ರಂಥಿ ಇದೆ. ಅದರ ಕೆಲಸ ಮಂದ ಆದ್ರೆ ಚಳಿ ತಡೆಯೋಕಾಗಲ್ಲ, ಸುಸ್ತು, ನಿದ್ದೆ. ಆದ್ರೆ ಮೈ ತಣ್ಣಗಿದೆ ಅಂತ ಅದನ್ನೇ ನಂಬೋಕಾಗಲ್ಲ, ರಕ್ತ ನೋಡ್ಬೇಕು. ಮೈ ತಣ್ಣಗಾಗಿರೋದು ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ಅಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಹಸುವನ್ನು ಬಿಟ್ಟರೆ ಅವಳ ಕೈ ತಾಗುವವರು ಯಾರೂ ಇರಲಿಲ್ಲ.

ರಕ್ತದ ಪರೀಕ್ಷೆಯಲ್ಲಿ ಅದೇ ಎಂದು ತಿಳಿಯಿತು. ಬರಿಹೊಟ್ಟೆಗೆ ದಿನಾ ಒಂದು ಮಾತ್ರೆ. ಬೇಗ ಗುಣ ಕಾಣುವುದಿಲ್ಲ, ಬಿಡಬೇಡಿ ಎಂದರು. ಅಕ್ಕನಿಗೆ ಗುಣವಾಗುವ ತನಕ ಹಸು ಇಲ್ಲೇ ಇರಲಿ ಎಂದು ತಮ್ಮ ಒಪ್ಪಿದ. ಅಲ್ಲಿಯವರೆಗೆ ದಿನವೂ ಅವನ ಹೆಂಡತಿಯೇ ಬಂದಳು. ಹಾಲು ಕರೆಯುತ್ತಾ ಗಂಡನ ಗೊರಕೆ, ಪಕ್ಕದ ಮನೆಯ ಜಗಳ, ಕೆಟ್ಟುಹೋದ ಮಿಕ್ಸಿ ಎಲ್ಲವನ್ನೂ ಹೇಳುತ್ತಿದ್ದಳು. ಅಕ್ಕ ಕಂಬಕ್ಕೊರಗಿ ಹ್ಞೂಂ ಎನ್ನುತ್ತಿದ್ದಳು. ಬರಬರುತ್ತ ಅವಳೂ ನಾಲ್ಕು ಮಾತು ಸೇರಿಸತೊಡಗಿದಳು.

ಸ್ವೆಟರ್ ಸೆಕೆಯೆನಿಸಿ ತೆಗೆದಿಟ್ಟ ಬೆಳಿಗ್ಗೆ ಅಕ್ಕ ತಾನೇ ಮಣೆಯ ಮೇಲೆ ಕೂತಳು. ಹಸು ಕಿವಿ ಅಲ್ಲಾಡಿಸಿತು, ಕದಲಲಿಲ್ಲ. ಪಾತ್ರೆಯ ತಳಕ್ಕೆ ಹಾಲು ಸರ್ರನೆ ಬಿತ್ತು.

"ಅಬ್ಬ, ಇನ್ನು ನಂಗೆ ಬೆಳಗಿನ ನಿದ್ದೆ ವಾಪಸ್ ಸಿಕ್ತು!" ಎಂದು ತಮ್ಮನ ಹೆಂಡತಿ ಕೈ ಕೊಡವಿ ಎದ್ದಳು.

"ಟೀ ಕುಡ್ಕೊಂಡು ಹೋಗೇ."

"ಒಲೆ ಮೇಲೆ ಪಾತ್ರೆ ಇಟ್ಟು ಬಂದಿದ್ದೀನಿ ಅಕ್ಕ. ನಾಳೆ ನೋಡೋಣ."

ನಾಳೆ ಬರಲು ಕೆಲಸವೇನೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಚಪ್ಪಲಿಯ ಸದ್ದು ಬೀದಿಯಲ್ಲಿ ದೂರವಾಗುವವರೆಗೆ ಅಕ್ಕ ಕೈ ನಿಲ್ಲಿಸಿ ಕೂತಿದ್ದಳು. ಹಸು ತಿರುಗಿ ನೋಡಿತು.

"ಹ್ಞೂಂ, ಕರೀತೀನಿ ಇರು," ಎಂದಳು.