ಹೆಣ ಕಾದವನ ಕೂಸು

ಮರಗಮ್ಮ ಕೋಪರಖೈರಣೆಯಿಂದ ಎರಡು ಬಸ್ಸು ಬದಲಿಸಿ, ಹಸುಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೋರ್ಟಿಗೆ ಬಂದಿದ್ದಳು. ಕೂಸು ಹುಟ್ಟುವ ಮೊದಲೇ ಅದರ ಅಪ್ಪ ಮಾಪಣ್ಣ ಜೈಲು ಸೇರಿದ್ದ. ಭೇಟಿಗೆಂದು ಜೈಲಿಗೆ ಹೋದರೆ ನಡುವೆ ಎರಡೆರಡು ಜಾಲರಿ, ಸುತ್ತ ಗದ್ದಲ. ಕೂಸಿನ ಮುಖ ಅವನಿಗೆ ಕಾಣಲೇ ಇಲ್ಲ. ತಾರೀಖಿನ ದಿನ ಅವನನ್ನು ಕೋರ್ಟಿಗೆ ತಂದಾಗ ಒಂದು ಗಳಿಗೆ ಅವನ ಕೈಗೆ ಕೊಡಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಮಾಪಣ್ಣ ಮಾಡಿದ ತಪ್ಪಾದರೂ ಏನು? ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಬಿದಿರಿನ ಅಟ್ಟಣಿಗೆ ಕುಸಿದು ಅವನೂರಿನ ಗುರುನಾಥ ಸತ್ತ. ಕೊಳೆತ ಬಿದಿರು ಕೊಟ್ಟ ಬಿಲ್ಡರ್ ಕಾರು ಹತ್ತಿದ. ಇಂಜಿನಿಯರ್ ಗೋಡೆ ಹಾರಿದ. ಕಲಬುರಗಿ ಸೀಮೆಯಿಂದ ಮರಾಠಿ ನಾಡಿಗೆ ದುಡಿಯಲು ಬಂದ ಮಾಪಣ್ಣ ಮಾತ್ರ, ಹೆಣವನ್ನು ಒಂಟಿ ಬಿಡಬಾರದೆಂದು ಪಕ್ಕದಲ್ಲೇ ಕೂತ. ಪೊಲೀಸರಿಗೆ ಸಿಕ್ಕಿದವನು ಅವನೊಬ್ಬನೇ; ಸಾಲದ್ದಕ್ಕೆ ಕೂಲಿಗಳನ್ನು ಕರೆತಂದ ಮುಕಾದಮನೂ ಅವನೇ. ಕೇಸನ್ನು ಅವನ ತಲೆಗೆ ಕಟ್ಟಿದರು. ಬಿಲ್ಡರನಿಗೆ ಎದೆನೋವು ಬಂತಂತೆ. ಖಾಕಿ ಕಂಡರೆ ಬರುವ, ಜಾಮೀನು ಸಿಕ್ಕರೆ ಹೋಗುವ ಎದೆನೋವು ಅದು. ಥೂ.

ಆ ದಿನ ಕೈದಿಗಳ ವ್ಯಾನು ಬರಲೇ ಇಲ್ಲ. ಇನ್ನು ಮೇಲೆ ಎಲ್ಲ ವಿಡಿಯೋದಲ್ಲೇ ಎಂದ, ಅವರ ವಕೀಲ, ಉಡುಪಿ ಕಡೆಯ ಹೃಷೀಕೇಶ. ಸರ್ಕಾರದ ಡೀಸೆಲ್ ಉಳಿಯುತ್ತದಂತೆ, ಪೊಲೀಸರ ಶ್ರಮ ಉಳಿಯುತ್ತದಂತೆ. ಒಳಗೆ ಟಿವಿಯಲ್ಲಿ ಮಾಪಣ್ಣ ಇದ್ದ. ಟಿವಿಯೂ ಕ್ಯಾಮೆರಾವೂ ಜಡ್ಜ್ ಸಾಹೇಬರ ಕಡೆ ಮುಖ ಮಾಡಿದ್ದವು. ಹೆಂಡತಿ ಮಕ್ಕಳ ಪಾಲಿಗೆ ಟಿವಿಯ ಬೆನ್ನು, ಜೋತುಬಿದ್ದ ವಯರು. ಎಂಥ ಘನಂದಾರಿ ಏರ್ಪಾಡು. ಸಾಹೇಬರು ಮುಂದಿನ ತಾರೀಖು ಹೇಳಿ ಮತ್ತೊಂದು ಕೇಸು ಕೂಗಿಸಿದರು.

ಮರಗಮ್ಮ ಎದ್ದವಳೇ ನೇರ ಹೋಗಿ ಕ್ಯಾಮೆರಾದ ಎದುರು ಕೂಸನ್ನು ಎತ್ತಿ ಹಿಡಿದಳು.

ಇನ್ನೂ ಟಿವಿಯಲ್ಲೇ ಇದ್ದ ಮಾಪಣ್ಣ ಮುಂದಕ್ಕೆ ಬಾಗಿದ. "ಸೆರಗು ಸರಸು. ಮಾರಿ ಕಾಣವಲ್ದು."

ಅವಳು ಸೆರಗಿಗೆ ಕೈ ಹಾಕುವಷ್ಟರಲ್ಲಿ ಗುಮಾಸ್ತ ಗುಂಡಿ ಒತ್ತಿದ. ಪರದೆ ನೀಲಿಯಾಯಿತು.

ಪೊಲೀಸನೊಬ್ಬ ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿದ. ಮರಗಮ್ಮ ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಳು. ಏಳು, ಮನೆಗೆ ಹೋಗು ಎಂದು ಅವನು ಲಾಠಿ ಕುಟ್ಟಿದ. ಹೃಷೀಕೇಶ ಕರಿ ಕೋಟು ಸರಿಮಾಡಿಕೊಳ್ಳುತ್ತ, ಅವಳ ಪರಿಚಯವೇ ಇಲ್ಲದವನಂತೆ ದೂರ ಸರಿದ. ಕೋಟಿನೊಳಗೆ ಬೆನ್ನುಮೂಳೆ ಇದ್ದಂತೆ ಕಾಣಲಿಲ್ಲ.

"ನನ್ ಗಂಡ ಹೆಣ ಬಿಟ್ಟು ಏಳ್ಲಿಲ್ರಿ," ಎಂದಳು ಮರಗಮ್ಮ. "ನಾ ಜೀವಂತ ಇದ್ದಾಂವನ ಬಿಟ್ಟು ಏಳ್ತೀನೇನು? ಅವನ್ನ ಇಲ್ಲಿಗಿ ಕರ್ಕೊಂಡ್ ಬರ್ರಿ."

ಅದೇ ವ್ಯಾನಿನಲ್ಲಿ ಬರಬೇಕಿದ್ದ ಮಗನಿಗೆಂದು ಊಟದ ಡಬ್ಬಿ ಕಟ್ಟಿಕೊಂಡು ಬಂದಿದ್ದ ಮರಾಠಿ ಮುದುಕಿ ಚಂದ್ರಬಾಯಿಗೆ ಈ ಮಾತು ಒಂದೂ ತಿಳಿಯಲಿಲ್ಲ. ಆದರೂ ಬೆಂಚಿನಿಂದೆದ್ದು ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಬುರ್ಖಾದವಳೊಬ್ಬಳು. ಆಮೇಲೆ ಬೆಂಚಿನಲ್ಲಿದ್ದವರೆಲ್ಲ. ಇದ್ದ ಒಂದೇ ಬಾಗಿಲು ತುಂಬಿಹೋಯಿತು.

ಒಳಗೆ ಸಾಹೇಬರಿಗೆ ಊಟದ ಹೊತ್ತಾಗಿತ್ತು.